ಹನ್ನೊಂದು ತಿಂಗಳ ಪಗಾರ

ಪ್ರಣಾಲಿಗೆ ತನ್ನ ಸೇಡಿನ ಬಗ್ಗೆ ಎಂದೂ ನಾಚಿಕೆಯಾಗಲಿಲ್ಲ. ಬಿಟ್ಟುಬಿಡು, ಮರೆತುಬಿಡು ಎಂದು ಹೇಳಿದವರು ಬೇಕಾದಷ್ಟು ಜನ. ಅವರಲ್ಲಿ ಒಬ್ಬರೂ ಪಗಾರವಿಲ್ಲದೆ ಹನ್ನೊಂದು ತಿಂಗಳು ದುಡಿದವರಾಗಿರಲಿಲ್ಲ. ಅವಳು ಅವರ ಮಾತನ್ನು ತಲೆಯಾಡಿಸುತ್ತ ಕೇಳುತ್ತಿದ್ದಳು, ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡುತ್ತಿದ್ದಳು, ಮರುದಿನ ಅದೇ ಸಿಟ್ಟನ್ನು ಹೊತ್ತುಕೊಂಡು ಮತ್ತೆ ಕೆಲಸಕ್ಕೆ ಬರುತ್ತಿದ್ದಳು. ಸಿಟ್ಟು ಅವಳ ಮೈಗೆ ಒಗ್ಗಿಹೋಗಿತ್ತು.

ಅವಳ ಊರು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ. ತಂದೆ ನರಸಿಂಗ ಭಾಲ್ಕಿಯ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ; ಅವಳು ಪಿಯುಸಿಯಲ್ಲಿದ್ದಾಗ ತೀರಿಕೊಂಡ. ತಾಯಿ ಶಾಲುಬಾಯಿ ಮಂದಿಯ ಹೊಲದಲ್ಲಿ ತೊಗರಿ, ಸೋಯಾ ಕಳೆ ತೆಗೆದು ಮಗಳನ್ನು ಓದಿಸಿದಳು. ಮಗಳು ಓದಿದಳು ಕೂಡ. ದಿನಾ ಎರಡು ಬಸ್ಸು ಬದಲಿಸಿ ಬೀದರಕ್ಕೆ ಹೋಗಿಬಂದು, ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದಾಗ ಅವಳಿಗೆ ಇಪ್ಪತ್ತಮೂರು ವರ್ಷ. ಫಲಿತಾಂಶದ ಮರುದಿನವೇ ವಿಭಾಗದ ಡಾ. ಮಕರಂದ ಅವಳನ್ನು ಕರೆದರು.

ಮಕರಂದ ಸರ್ ಗದರುವವರಲ್ಲ. ಕನ್ನಡದಷ್ಟೇ ಸಲೀಸಾಗಿ ಮರಾಠಿ ಮಾತಾಡುತ್ತಿದ್ದರು, ಪ್ರಯೋಗಾಲಯಕ್ಕೆ ಬಂದರೆ ಒಂದು ನಗೆಮಾತು ಆಡದೆ ಹೋಗುತ್ತಿರಲಿಲ್ಲ, ಬಡವರ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಹೆಸರು ಹಿಡಿದು ಕರೆಸಿಕೊಂಡ ಮಕ್ಕಳು ಅವರಿಗಾಗಿ ಏನು ಬೇಕಾದರೂ ಮಾಡುತ್ತಿದ್ದರು. ಪ್ರಣಾಲಿಯೂ ಮಾಡುತ್ತಿದ್ದಳು.

ದಿಲ್ಲಿಯ ಒಂದು ಸಂಸ್ಥೆ ಕುಡಿಯುವ ನೀರಿನ ಸಂಶೋಧನೆಗೆ ಹಣ ಕೊಡುತ್ತದೆ, ಔರಾದದ ಗಡಿಹಳ್ಳಿಗಳ ಬಾವಿನೀರಿನ ಮೇಲೆ ಅರ್ಜಿ ಹಾಕೋಣ ಎಂದರು. ಅಂಥ ಅರ್ಜಿಯಲ್ಲಿ ಹಣದ ಪುಟವೇ ಜೀವ. ಯಂತ್ರಕ್ಕೆ ಎಷ್ಟು, ರಾಸಾಯನಿಕಕ್ಕೆ ಎಷ್ಟು, ಓಡಾಟಕ್ಕೆ ಎಷ್ಟು, ಸಿಬ್ಬಂದಿಯ ಪಗಾರಕ್ಕೆ ಎಷ್ಟು ಎಂದು ವರ್ಷವರ್ಷಕ್ಕೆ ಬೇರೆಬೇರೆ ಬರೆಯಬೇಕು. ಅಲ್ಲಿ ಬರೆಯದೆ ಬಿಟ್ಟದ್ದು ಆಮೇಲೆ ಸಿಗುವುದು ಕಷ್ಟ. ಅದೆಲ್ಲ ಆಗ ಪ್ರಣಾಲಿಗೆ ಗೊತ್ತಿರಲಿಲ್ಲ. ಅವಳು ಪೆನ್ನು ಹಿಡಿದು ಕೂತಿದ್ದಳು, ಸರ್ ಓಡಾಡುತ್ತ ಹೇಳುತ್ತಿದ್ದರು.

“ಪ್ರೊಜೆಕ್ಟ್ ಅಸಿಸ್ಟಂಟ್ ಒಬ್ಬರು, ತಿಂಗಳಿಗೆ ಇಪ್ಪತ್ತು ಸಾವಿರ. ಆ ಪೋಸ್ಟು ನಿಂದೇ ಅಂತ ತಿಳಕೋ. ಎರಡು ವರ್ಷಕ್ಕ ಹಾಕು. ಮೂರನೇ ವರ್ಷ ಸೊನ್ನಿ.”

“ಮೂರನೇ ವರ್ಷ ಯಾಕ ಬ್ಯಾಡರಿ ಸರ್?”

“ಆವಾಗ ರಿಪೋರ್ಟ್ ಬರಿಯೋದು ಅಷ್ಟೇ ಇರ್ತದ, ಅದು ನಾ ನೋಡ್ಕೋತೇನಿ. ಪಗಾರ ಭಾಳ ಕಂಡ್ರ ದಿಲ್ಲಿಯವರು ಮಾರಿ ಸಣ್ಣದು ಮಾಡ್ತಾರ. ಮಶೀನಿಗೆ ಹಾಕು. ಮಶೀನು ಕಂಡ್ರ ಖುಷ್ ಆಗ್ತಾರ.”

ಅವಳು ದುಂಡಗಿನ ಅಕ್ಷರದಲ್ಲಿ ಸೊನ್ನೆ ಬರೆದಳು. ಆಮೇಲೆ ಅದನ್ನು ಅವಳೇ ಟೈಪು ಮಾಡಿದಳು. ಅರ್ಜಿ ಪಾಸಾಯಿತು, ಅವಳಿಗೆ ನೇಮಕದ ಆದೇಶ ಬಂತು. ಮೊದಲ ಪಗಾರದಲ್ಲಿ ಶಾಲುಬಾಯಿಗೆ ಒಂದು ಜೊತೆ ಗಟ್ಟಿ ಚಪ್ಪಲಿ ಕೊಡಿಸಿದಳು.

ಅರವತ್ತು ಬಾವಿಗಳ ನೀರನ್ನು ಋತುವಿಗೊಮ್ಮೆ ತಂದು ಪರೀಕ್ಷಿಸುವುದು ಕೆಲಸ. ಒಂದೂವರೆ ವರ್ಷ ಎಲ್ಲ ಸರಿಯಾಗಿ ನಡೆಯಿತು. ಅಷ್ಟರಲ್ಲಿ ಕೊರೊನಾ ಬಂತು. ಔರಾದಕ್ಕೆ ರೈಲಿಲ್ಲ, ಬಸ್ಸು ನಿಂತರೆ ದಾರಿಯೇ ನಿಂತಂತೆ. ಆರು ತಿಂಗಳು ಹಾಗೇ ಹೋಯಿತು. ಎರಡನೆಯ ವರ್ಷ ಮುಗಿದಾಗ ಇಪ್ಪತ್ತಾರು ಬಾವಿಗಳ ಕೆಲಸ ಬಾಕಿ ಉಳಿದಿತ್ತು, ಪಗಾರ ಮುಗಿದಿತ್ತು.

“ರೊಕ್ಕ ಎಲ್ಲಿ ಹೋಗ್ತದ ಪ್ರಣಾಲಿ?” ಎಂದರು ಮಕರಂದ ಸರ್. “ಮಶೀನಿನ ರೊಕ್ಕದಾಗ ಉಳದದ. ಪಗಾರಕ್ಕ ತಿರುಗಿಸ್ರಿ ಅಂತ ದಿಲ್ಲಿಗೆ ಬರೀತೇನಿ, ಅವರು ಒಪ್ತಾರ. ನೀ ಕೆಲಸ ನಿಂದ್ರಸಬ್ಯಾಡ. ಒಟ್ಟಿಗೇ ಕೊಡಸ್ತೇನಿ.”

ಅವಳು ನಿಲ್ಲಿಸಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಭಾಲ್ಕಿ, ಅಲ್ಲಿಂದ ಔರಾದ, ಅಲ್ಲಿಂದ ಸಿಕ್ಕ ಟಂಟಂ ಆಟೋ ಹಿಡಿದು ಹಳ್ಳಿಗಳು. ಬಾವಿಗೆ ಇಳಿದು ಬಾಟಲಿ ತುಂಬಿ, ಗ್ರಾಮ ಪಂಚಾಯಿತಿಯಲ್ಲಿ ಹಾಳೆಗೆ ತಾರೀಖಿನ ಶಿಕ್ಕಾ ಒತ್ತಿಸಿಕೊಂಡು, ಸಂಜೆಯೊಳಗೆ ಬೀದರದ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಮಕರಂದ ಸರ್ ರಜಿಸ್ಟರಿನಲ್ಲಿ ‘ಪ್ರಣಾಲಿಯಿಂದ ಬಂತು’ ಎಂದು ಬರೆದು ಸಹಿ ಹಾಕುತ್ತಿದ್ದರು. ಬಸ್ಸಿನ ಹಣ ಶಾಲುಬಾಯಿಯದು. ದಿನಕ್ಕೆ ಇನ್ನೂರೈವತ್ತು ಕೂಲಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಗಳ ಟಿಕೇಟಿಗೆ ಹೋಗುತ್ತಿತ್ತು. ಶಾಲುಬಾಯಿಗೆ ಓದು ಬರುತ್ತಿರಲಿಲ್ಲ. ಆದರೆ ಮಗಳ ಚೀಲದಲ್ಲಿ ಉಳಿದ ಪ್ರತಿ ಟಿಕೇಟನ್ನೂ ತೆಗೆದು ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು.

“ಸರಕಾರದ ನೀರು ಹೊತ್ಕೊಂಡು ಬರ್ಲಿಕ್ಕ ನನ್ನ ಕೂಲಿ ಯಾಕ ಬೇಕು ಬಾಯೀ?” ಎಂದು ಒಂದು ದಿನ ಕೇಳಿದಳು.

“ಒಟ್ಟಿಗೇ ಬರ್ತದ ಅವ್ವ. ಸರ್ ಹೇಳ್ಯಾರ.”

ಹನ್ನೊಂದನೆಯ ತಿಂಗಳಲ್ಲಿ ಪ್ರಣಾಲಿ ಒಂದು ಬಿಲ್ಲಿನ ಸಲುವಾಗಿ ಲೆಕ್ಕಪತ್ರ ವಿಭಾಗಕ್ಕೆ ಹೋದಳು. ಅಲ್ಲಿಯ ಸೂಪರಿಂಟೆಂಡೆಂಟ್ ಅಬ್ದುಲ ವಾಹೀದ ಹಳೆಯ ಕಾಲದ ಮನುಷ್ಯ, ಫೈಲಿನ ದಾರವನ್ನು ಕೂಡ ಅಳತೆಗೆ ಕಟ್ಟುವವರು. ಅವರು ಫೈಲು ತಿರುವುತ್ತ ಸಹಜವಾಗಿ ಕೇಳಿದರು: “ನಿಮ್ಮ ಪ್ರೊಜೆಕ್ಟಿನಾಗ ಪಗಾರ ಮಂಜೂರಾಗಿ ಐದು ತಿಂಗಳಾತು. ಅದನ್ನ ತಗೊಳ್ಳೋ ಹುಡುಗಿ ಯಾರು ಬೇಟಿ? ಒಂದು ದಿನಾನೂ ಇಲ್ಲಿ ಕಂಡಿಲ್ಲ.”

ಹೆಸರು ನೋಡಿದಳು. ಮಕರಂದ ಸರ್ ಅವರ ಹೆಂಡತಿಯ ತಂಗಿಯ ಮಗಳು. ಲಾತೂರಿನಲ್ಲಿ ಇರುವವಳು. ಔರಾದದ ಬಾವಿ ಹಾಗಿರಲಿ, ಬೀದರದ ಕೋಟೆಯನ್ನೂ ನೋಡಿದ್ದಾಳೋ ಇಲ್ಲವೋ. ತಿಂಗಳಿಗೆ ಇಪ್ಪತ್ತು ಸಾವಿರ ಅವಳ ಖಾತೆಗೆ ಹೋಗುತ್ತಿತ್ತು.

ಪ್ರಣಾಲಿ ಸೀದಾ ವಿಭಾಗಕ್ಕೆ ನಡೆದಳು. ಚಹಾದ ಹೊತ್ತು. ಆರೇಳು ಅಧ್ಯಾಪಕರು ಸುತ್ತ ಕೂತಿದ್ದರು. ಅವಳು ನಿಂತಲ್ಲಿಂದಲೇ ಕೇಳಿದಳು: “ಸರ್, ನನ್ನ ಪಗಾರ?”

ಮಕರಂದ ಸರ್ ಬಸಿಯಲ್ಲಿ ಚಹಾ ಸುರುವಿಕೊಂಡರು. “ಯಾವ ಪಗಾರ? ಬಜೆಟ್ ಬರದಾಕಿ ನೀನೇ ಅಲ್ಲೇನು? ಮೂರನೇ ವರ್ಷ ಸೊನ್ನಿ ಅಂತ ನಿನ್ನ ಕೈಲೇನೇ ಬರದೀದಿ. ಈಗ ಬಂದು ಪಗಾರ ಅಂದ್ರ ಹ್ಯಾಂಗ?”

ಯಾರೋ ನಕ್ಕರು. ನಗು ದೊಡ್ಡದೇನಲ್ಲ, ಬಾಯೊಳಗಿನ ಚಹಾ ಚೆಲ್ಲದಷ್ಟು. ಪ್ರಣಾಲಿ ಹೊರಗೆ ಬಂದು ಬಸ್ ಸ್ಟ್ಯಾಂಡಿನವರೆಗೆ ನಡೆದೇ ಹೋದಳು. ಆ ದಿನದಿಂದ ಎದುರಿಗೆ ‘ಸರ್’ ಅನ್ನುವುದು ಉಳಿಯಿತು. ಮನಸ್ಸಿನಲ್ಲಿ ‘ಅವರು’ ಹೋಗಿ ‘ಅವನು’ ಆದ. ವರ್ಷದೊಳಗೆ ಅವನ ವರದಿ ಒಂದು ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಲಾತೂರಿನ ಹುಡುಗಿಯ ಹೆಸರಿತ್ತು, ಪ್ರಣಾಲಿಯ ಹೆಸರಿರಲಿಲ್ಲ.

ಅವಳು ವಾಹೀದ ಸಾಹೇಬರ ಮುಂದೆ ಕೂತು ಎಲ್ಲ ಹೇಳಿದಳು. ಅವರು ಕೇಳಿದ್ದು ಒಂದೇ ಪ್ರಶ್ನೆ. “ಮೂರನೇ ವರ್ಷದ ಆರ್ಡರ್ ಅದ ಏನು?”

“ಇಲ್ಲರಿ.”

“ಹಂಗಾದ್ರ ಕಾನೂನಿನ ಲೆಕ್ಕದಾಗ ನೀ ಹನ್ನೊಂದು ತಿಂಗಳು ಔರಾದಕ್ಕ ಹವಾ ತಿನ್ಲಿಕ್ಕ ಹೋಗಿದ್ದಿ ಬೇಟಿ.” ಆಮೇಲೆ ಅವಳ ಮುಖ ನೋಡಿ ದನಿ ಇಳಿಸಿದರು. “ಈಗ ಜಗಳಾ ಮಾಡಿದ್ರ ಸೋಲ್ತಿ. ಕಾಗದ ಜಮಾ ಮಾಡು. ಒಂದೂ ಬಿಡಬ್ಯಾಡ.”

ಅವಳು ಬಿಡಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪ್ರಯೋಗಾಲಯದ ರಜಿಸ್ಟರಿನ ನಕಲು ತೆಗೆದಳು: ಆ ಹನ್ನೊಂದು ತಿಂಗಳಲ್ಲಿ ನಾನೂರ ಹನ್ನೆರಡು ಬಾಟಲಿ, ಪ್ರತಿಯೊಂದರ ಮುಂದೆ ಅವಳ ಹೆಸರು, ಅವನ ಸಹಿ. ಪಂಚಾಯಿತಿಗಳ ಶಿಕ್ಕಾ ಇದ್ದ ಹಾಳೆಗಳನ್ನು ಊರೂರಿಗೆ ಬೇರೆ ಮಾಡಿ ಹೊಲಿದಳು. ಅಷ್ಟು ಮಾಡಿ ಟ್ರಂಕಿಗೆ ಹಾಕಿ ಬೀಗ ಜಡಿದಳು.

ಮುಂದಿನ ವರ್ಷ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಅರ್ಜಿಗಳನ್ನು ಪರಿಶೀಲಿಸಲು ಒಂದು ಪ್ರೊಜೆಕ್ಟ್ ವಿಭಾಗ ತೆರೆದರು. ಗುತ್ತಿಗೆಯ ಸಹಾಯಕಿಯ ಒಂದು ಹುದ್ದೆ. ಪ್ರಣಾಲಿ ಪರೀಕ್ಷೆ ಬರೆದಳು, ಮೊದಲು ಬಂದಳು. ಆ ವಿಭಾಗವನ್ನು ವಾಹೀದ ಸಾಹೇಬರ ಕೈಕೆಳಗೆ ಕೊಟ್ಟಿದ್ದರು. ಇಬ್ಬರ ಮೇಜು ಅಕ್ಕಪಕ್ಕ. ಅಲ್ಲಿ ಅವಳು ಪಗಾರದ ಪುಟವನ್ನು ಹಟ ಹಿಡಿದು ಕಲಿತಳು. ಯಾವ ಹುದ್ದೆಗೆ ಯಾವ ದರ, ಮನೆಬಾಡಿಗೆ ಎಷ್ಟು ಸೇರಿಸಬೇಕು, ಬಸುರಿ ಬಾಣಂತಿಗೆ ರಜೆಯ ಪಗಾರ ಯಾವ ಸಾಲಿನಲ್ಲಿ ತೋರಿಸಬೇಕು, ಯಾವ ಹಣವನ್ನು ಯಾವುದಕ್ಕೆ ತಿರುಗಿಸಬಹುದು, ಯಾವುದನ್ನು ತಿರುಗಿಸಬಾರದು, ಎಲ್ಲ ಬಾಯಿಪಾಠ. ಭಾಲ್ಕಿ, ಹುಮನಾಬಾದದ ಕಾಲೇಜುಗಳಿಂದಲೂ ಅಧ್ಯಾಪಕರು ಫೈಲು ಹಿಡಿದು ಬರತೊಡಗಿದರು. ಯಾರಾದರೂ ಸಿಬ್ಬಂದಿಯ ಪಗಾರ ಕಡಿಮೆ ತೋರಿಸಿದ್ದರೆ ಅವಳು ಆ ಫೈಲನ್ನು ಮುಂದೆ ಬಿಡುತ್ತಿರಲಿಲ್ಲ. “ಈ ರೊಕ್ಕದಾಗ ನಿಮ್ಮ ಮಗಳನ್ನ ಕಳಸ್ತೀರೇನ್ರಿ ಸರ್?” ಎಂದು ಕೇಳುತ್ತಿದ್ದಳು. ಕೆಲವರಿಗೆ ಅವಳೆಂದರೆ ಆಗುತ್ತಿರಲಿಲ್ಲ. ಅವಳಿಗೂ ಅದರಿಂದ ಏನೂ ಆಗುತ್ತಿರಲಿಲ್ಲ.

ಮಕರಂದನ ಫೈಲು ಮಾತ್ರ ಎರಡು ವರ್ಷ ಬರಲಿಲ್ಲ. ಅವಳು ಕಾದಳು.

ಬಂದಾಗ ದೊಡ್ಡದೇ ಬಂತು. ಬೀದರ, ಭಾಲ್ಕಿ, ಔರಾದ ಮೂರೂ ತಾಲೂಕಿನ ನೀರು, ಐದು ವರ್ಷ, ಎರಡು ಕೋಟಿ ನಲವತ್ತು ಲಕ್ಷ, ಐದು ಜನ ಸಿಬ್ಬಂದಿ. ಅವನ ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ. ಇಷ್ಟು ದೊಡ್ಡ ಯೋಜನೆಗೆ ಮುಖ್ಯಸ್ಥನಾದವನು ನಿವೃತ್ತಿಯಾದರೂ ಯೋಜನೆ ಮುಗಿಯುವವರೆಗೆ ಕೋಣೆ, ಕಾರು, ಗೌರವಧನ ಉಳಿಸಿಕೊಳ್ಳಬಹುದಿತ್ತು. ಅವನಿಗೆ ಬೇಕಾಗಿದ್ದದ್ದು ಅದು. ಅರ್ಜಿಯ ಕಡೆಯ ದಿನಕ್ಕೆ ನಾಲ್ಕು ದಿನ ಇರುವಾಗ ಅವಳ ಮೇಜಿನ ಮುಂದೆ ಬಂದು ಕೂತ.

“ಪ್ರಣಾಲಿ, ನೀ ಅಂತೂ ನಮ್ಮ ಮನಿ ಹುಡುಗಿ. ಪಗಾರದ ಪುಟ ಒಂದಿಷ್ಟು ಚಂದ ಮಾಡಿಕೊಡು.”

ಅವಳು ಅವನ ಮುಖದಲ್ಲಿ ಹುಡುಕಿ ನೋಡಿದಳು. ಸಂಕೋಚವಿಲ್ಲ, ಅಳುಕಿಲ್ಲ. ಅವನಿಗೆ ನೆನಪೇ ಇರಲಿಲ್ಲ. ಇಷ್ಟು ವರ್ಷ ಅವಳು ಹಗಲೂ ಇರುಳೂ ಹೊತ್ತುಕೊಂಡು ತಿರುಗಿದ್ದು ಅವನ ಪಾಲಿಗೆ ಒಂದು ಚಹಾದ ಹೊತ್ತಿನ ಮಾತು, ಅಷ್ಟೆ. “ಮಾಡ್ತೇನ್ರಿ ಸರ್,” ಎಂದಳು.

ಮೂರು ದಿನ ಕೂತು ಅವಳು ಬರೆದ ಆ ಪುಟದಷ್ಟು ಒಳ್ಳೆಯ ಪಗಾರದ ಪುಟ ಆ ಕಚೇರಿಯಿಂದ ಹಿಂದೆ ಹೋಗಿರಲಿಲ್ಲ. ಐವರಿಗೂ ಪೂರಾ ದರ, ಮನೆಬಾಡಿಗೆ, ವರ್ಷಕ್ಕೊಮ್ಮೆ ಏರಿಕೆ, ಐದೂ ವರ್ಷ. ಪಗಾರ ನೇರವಾಗಿ ಸಿಬ್ಬಂದಿಯ ಖಾತೆಗೆ. ಆ ಹಣವನ್ನು ಬೇರೆ ಯಾವುದಕ್ಕೂ ತಿರುಗಿಸುವಂತಿಲ್ಲ.

“ಇಷ್ಟ್ಯಾಕ ಹಾಕೀದಿ?” ಎಂದ ಮಕರಂದ.

“ಈಗಿನ ನಿಯಮಾನೇ ಹಂಗ ಅದರಿ. ಕಡಿಮಿ ಹಾಕಿದ್ರ ಅರ್ಜಿ ವಾಪಸ ಕಳಸ್ತಾರ.”

ಅದು ಸುಳ್ಳಾಗಿರಲಿಲ್ಲ. ಅವಳು ಒಂದೂ ಸುಳ್ಳು ಹೇಳಬಾರದೆಂದು ಮೊದಲೇ ತೀರ್ಮಾನಿಸಿದ್ದಳು. ಅರ್ಜಿಯ ಹನ್ನೊಂದನೆಯ ಪುಟ ಒಂದು ಮುಚ್ಚಳಿಕೆ. ಅದನ್ನು ದಿಲ್ಲಿಯವರೇ ಅಚ್ಚು ಹಾಕಿ ಕಳಿಸಿದ್ದರು. ‘ನನ್ನ ಹಿಂದಿನ ಯೋಜನೆಗಳಲ್ಲಿ ಕೆಲಸ ಮಾಡಿದ ಪ್ರತಿಯೊಬ್ಬರಿಗೂ ವೇತನ ಪಾವತಿಯಾಗಿದೆ, ಇದು ಸುಳ್ಳೆಂದು ಕಂಡುಬಂದಲ್ಲಿ ಸಂಸ್ಥೆ ಕೈಗೊಳ್ಳುವ ಕ್ರಮಕ್ಕೆ ಬದ್ಧನಾಗಿದ್ದೇನೆ.’ ಕೆಳಗೆ ಸಹಿ. ಪ್ರಣಾಲಿ ಆ ಪುಟವನ್ನು ಅವನ ಮುಂದೆ ಇಟ್ಟಳು.

“ಓದಿ ಸಹಿ ಮಾಡ್ರಿ ಸರ್. ಹಿಂದಿನ ಪ್ರೊಜೆಕ್ಟಿನ ಪಗಾರದ ಮಾತದ ಇದರಾಗ.”

“ಎಲ್ಲಾ ಓದಕೋತ ಕೂತ್ರ ಇಲ್ಲೇ ರಿಟೈರ್ ಆಗಿಬಿಡ್ತೇನಿ,” ಎಂದು ನಕ್ಕು ಅವನು ಹದಿನಾಲ್ಕೂ ಪುಟಕ್ಕೆ ಸರಸರ ಸಹಿ ಎಳೆದ.

ಅವನು ಹೋದ ಮೇಲೆ ಪಕ್ಕದ ಮೇಜಿನಿಂದ ವಾಹೀದ ಸಾಹೇಬರು ಕನ್ನಡಕ ತೆಗೆದರು. “ಏನ್ ನಡಸೀದಿ ಬೇಟಿ?”

“ಏನಿಲ್ಲರಿ. ಓದ್ರಿ ಅಂತ ಹೇಳೀನಲ್ಲ.”

“ಹೇಳೀದಿ. ಹ್ಯಾಂಗ ಹೇಳೀದಿ ಅನ್ನೋದನ್ನೂ ನಾ ಕೇಳೀನಿ.” ಅಷ್ಟು ಅಂದು ಅವರು ತಮ್ಮ ಫೈಲಿಗೆ ತಿರುಗಿದರು.

ದೂರು ಅವಳ ಬಳಿ ಸಿದ್ಧವಿತ್ತು. ಅದೇ ವಾರ ಕಳಿಸಬಹುದಿತ್ತು. ಆದರೆ ಆಗ ಕಳಿಸಿದರೆ ಬರೀ ಅರ್ಜಿ ಬಿದ್ದುಹೋಗುತ್ತಿತ್ತು, ಕೈಗೆ ಬಾರದ್ದು ಹೋಯಿತೆಂದು ಅವನು ಎರಡು ದಿನ ಬೇಜಾರು ಮಾಡಿಕೊಂಡು ಸುಮ್ಮನಾಗುತ್ತಿದ್ದ. ಪ್ರಣಾಲಿಗೆ ಅದು ಸಾಲದು. ಅದು ಅವನ ಕೈಗೆ ಬರಬೇಕು. ಅವನು ಅದನ್ನು ಹತ್ತು ಜನರಿಗೆ ತೋರಿಸಿರಬೇಕು. ಆಮೇಲೆ ಹೋಗಬೇಕು.

ಏಳು ತಿಂಗಳಿಗೆ ಮಂಜೂರಾತಿ ಬಂತು. ಸಭಾಂಗಣದಲ್ಲಿ ಸನ್ಮಾನ, ಶಾಲು, ಫಲಪುಷ್ಪದ ಬುಟ್ಟಿ, ಪತ್ರಿಕೆಗಳಲ್ಲಿ ಫೋಟೋ. ಅವನು ಕೋಣೆಗೆ ಹೊಸ ಹಿತ್ತಾಳೆಯ ನಾಮಫಲಕ ಹಾಕಿಸಿದ. ಮೂರನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವಾಗ ಪ್ರಣಾಲಿಯ ಅಂಗೈ ಉರಿಯಿತು. ಸಿಬ್ಬಂದಿಯನ್ನು ಸೇರಿಸಿಕೊಂಡರು. ಮೊದಲ ಪಗಾರವಾದ ಮೇಲೆ ದೂರು ಕಳಿಸಬೇಕು ಎಂದು ಅವಳು ಗೊತ್ತು ಮಾಡಿಕೊಂಡಳು.

ಮೊದಲ ಪಗಾರವಾದ ಮರುದಿನ ಒಬ್ಬ ಹುಡುಗಿ ಪೇಢೆಯ ಡಬ್ಬಿ ಹಿಡಿದು ಅವಳ ಮೇಜಿನ ಬಳಿ ನಿಂತಳು. ಔರಾದದವಳು, ಸಪನಾ ಅಂತ ಹೆಸರು, ಐವರಲ್ಲಿ ಒಬ್ಬಳು.

“ಅಕ್ಕಾ, ಪಗಾರದ ಪುಟ ನೀವೇ ಬರದೀರಂತ ಹೇಳಿದ್ರು. ಮನಿಬಾಡಗಿ ಸಹಿತ ಹಾಕೀರಿ. ಐದು ವರ್ಷ ಚಿಂತಿಲ್ಲ ಅಂತ ನಮ್ಮ ತಂಗೀನ ನಿನ್ನೆನೇ ನರ್ಸಿಂಗಿಗೆ ಹಚ್ಚಿ ಬಂದೀನ್ರಿ.”

ಪ್ರಣಾಲಿ ಪೇಢೆ ತೆಗೆದುಕೊಂಡು ಮೇಜಿನ ಮೇಲೆ ಇಟ್ಟಳು. ದೂರು ಹೋದರೆ ಯೋಜನೆ ರದ್ದು. ಯೋಜನೆ ರದ್ದಾದರೆ ಈ ಹುಡುಗಿಯ ಪಗಾರ ಅಲ್ಲಿಗೆ ಮುಗಿಯಿತು. ನಿಜ ಹೇಳಬೇಕೆಂದರೆ ಅವಳಿಗೆ ಮೊದಲು ಸಪನಾಳ ಮೇಲೆಯೇ ಸಿಟ್ಟು ಬಂತು. ಇವಳು ಯಾಕೆ ಬಂದಳು, ಯಾಕೆ ಪೇಢೆ ತಂದಳು, ಯಾಕೆ ತಂಗಿಯ ಮಾತು ಹೇಳಿದಳು. ನನಗೆ ಯಾರು ಅಯ್ಯೋ ಅಂದಿದ್ದರು? ಎರಡು ದಿನ ಅದೇ ಹಟದಲ್ಲಿ ಇದ್ದಳು. ಲಕೋಟೆಗೆ ಅಂಟು ಹಚ್ಚಿ, ಅಂಚೆ ಕಚೇರಿಯ ಮೆಟ್ಟಿಲವರೆಗೆ ಹೋಗಿ, ತಿರುಗಿ ಬಂದಳು.

ಮೂರು ವಾರ ಲಕೋಟೆ ಖಾನೆಯಲ್ಲಿ ಬಿದ್ದಿತ್ತು. ಆ ಮೂರು ವಾರ ಅವಳು ಮಂಜೂರಾತಿಯ ಆದೇಶವನ್ನು ಅಕ್ಷರ ಅಕ್ಷರ ಓದಿದಳು. ಇಪ್ಪತ್ತೇಳನೆಯ ಷರತ್ತಿನಲ್ಲಿ ಸಿಕ್ಕಿತು: ಮುಖ್ಯಸ್ಥನನ್ನು ತೆಗೆಯಬೇಕಾಗಿ ಬಂದರೆ ಸಂಸ್ಥೆ ಯೋಜನೆಯನ್ನು ಸಹಸಂಶೋಧಕನಿಗೆ ವಹಿಸಬಹುದು. ಸಹಸಂಶೋಧಕ ಭಾಲ್ಕಿಯ ಕಾಲೇಜಿನ ಬಸವರಾಜ ಎಂಬ ಅಧ್ಯಾಪಕ. ಹೆಚ್ಚು ಮಾತಿಲ್ಲದ, ಕೆಲಸದ ಮನುಷ್ಯ. ಅವಳು ಲಕೋಟೆ ಹರಿದು ದೂರಿಗೆ ಒಂದು ಸಾಲು ಸೇರಿಸಿದಳು: ಯೋಜನೆಯನ್ನು ನಿಲ್ಲಿಸಬಾರದು, ಸಿಬ್ಬಂದಿಯ ಪಗಾರ ಒಂದು ದಿನವೂ ತಪ್ಪಬಾರದು, ಮುಖ್ಯಸ್ಥನನ್ನು ಮಾತ್ರ ಬದಲಿಸಬೇಕು. ಈ ಸಲ ವಾಹೀದ ಸಾಹೇಬರಿಗೆ ತೋರಿಸಿದಳು. ಅವರು ಎರಡು ಸಲ ಓದಿದರು.

“ಈ ಸಾಲು ಇಲ್ದಿದ್ರ ನಾ ನಿನ್ನ ಸಂಗಡ ಮಾತು ಬಿಡ್ತಿದ್ದೆ,” ಎಂದರು. “ಹೋಗು, ರಜಿಸ್ಟರ್ ಮಾಡಿ ಹಾಕು. ರಸೀದಿ ಕಳಕೋಬ್ಯಾಡ.”

ನಲವತ್ತು ದಿನಕ್ಕೆ ದಿಲ್ಲಿಯಿಂದ ನೋಟೀಸು ಬಂತು. ಅದು ಬಂದ ಸಂಜೆಯೇ ಮಕರಂದ ಫೋನು ಮಾಡಿ ಮನೆಗೆ ಕರೆದ. ಅವಳು ಹೋದಳು. ಹೋಗದೆ ಇರುವಳೇ? ಅವನ ಮುಖ ನೋಡಲಿಕ್ಕೆ ಅವಳು ಬೇಕಾದರೆ ನಡೆದು ಹೋಗುತ್ತಿದ್ದಳು.

ಅವನ ಹೆಂಡತಿ ವರದಾ ಬಾಗಿಲು ತೆರೆದಳು. ಮಂಡಕ್ಕಿಯ ಸುಸಲಾ, ಚಹಾ ತಂದಿಟ್ಟು ಒಳಗೆ ಹೋದಳು. ಮಕರಂದ ಒಂದು ದಪ್ಪ ಲಕೋಟೆಯನ್ನು ಟೀಪಾಯಿಯ ಮೇಲೆ ಇಟ್ಟ.

“ಎರಡು ಲಕ್ಷ ಇಪ್ಪತ್ತು ಸಾವಿರ. ಹನ್ನೊಂದು ತಿಂಗಳದು ಪೂರಾ ಅದ. ನನ್ನ ಕಡಿಂದ ತಪ್ಪಾಗ್ಯದ ಪ್ರಣಾಲಿ. ಇದನ್ನ ತಗೋ, ದೂರು ವಾಪಸ ತಗೋ.”

“ನಗದು ಬ್ಯಾಡರಿ ಸರ್. ಚೆಕ್ ಕೊಡ್ರಿ. ಜತಿಗೆ ಒಂದು ಚೀಟಿ ಬರದುಕೊಡ್ರಿ. ಮೂರನೇ ವರ್ಷ ಹನ್ನೊಂದು ತಿಂಗಳು ಕೆಲಸ ಮಾಡಿಸಿಕೊಂಡು ಪಗಾರ ಕೊಟ್ಟಿದ್ದಿಲ್ಲ, ಈಗ ಕೊಡ್ಲಿಕತ್ತೀನಿ ಅಂತ.”

“ಹಂಗ ಬರದುಕೊಟ್ರ ನಾ ಮುಗದಂಗ.”

“ಹೌದರಿ.”

ಅವನು ಲಕೋಟೆಯನ್ನು ತನ್ನ ಕಡೆ ಎಳೆದುಕೊಂಡ. “ಇಷ್ಟು ವರ್ಷ ಮನಸ್ಸಿನಾಗ ಇಟ್ಕೊಂಡು ನನ್ನ ಮುಂದ ನಗತಿದ್ದಿಯಲ್ಲ,” ಎಂದ. “ಅವತ್ತೇ ಮನಿಗೆ ಬಂದು ಕೇಳಿದ್ರ ಕೊಡ್ತಿದ್ದೆ.”

“ಅವತ್ತು ಎಲ್ಲಾರ ಮುಂದ ಕೇಳೀನಿ. ನೀವು ಎಲ್ಲಾರ ಮುಂದ ಹೇಳೀರಿ. ಈಗ ಮನಿಯೊಳಗ ಯಾಕ?” ಪ್ರಣಾಲಿ ಎದ್ದಳು. ಚಹಾ ಮುಟ್ಟಿರಲಿಲ್ಲ. ಬಾಗಿಲ ಬಳಿ ವರದಾ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿದ್ದವು. ಪ್ರಣಾಲಿಗೆ ಆ ಹೆಂಗಸಿನ ಬಗ್ಗೆ ಅಯ್ಯೋ ಅನ್ನಿಸಿತು. ಲಾತೂರಿನ ತಂಗಿಯ ಮಗಳು ನೆನಪಾದಳು. ಅಲ್ಲಿಗೆ ಅದೂ ನಿಂತಿತು.

ವಿಚಾರಣೆಗೆ ದಿಲ್ಲಿಯಿಂದ ಇಬ್ಬರು, ವಿಶ್ವವಿದ್ಯಾಲಯದಿಂದ ಒಬ್ಬರು. ಅದಕ್ಕೆ ಮೊದಲೇ ಮೇಲಿನವರು ಪ್ರಣಾಲಿಯ ಗುತ್ತಿಗೆಯನ್ನು ವರ್ಷದ ಬದಲು ಆರೇ ತಿಂಗಳಿಗೆ ಮುಂದುವರಿಸಿದ್ದರು. ಅದರ ಅರ್ಥ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ರಜಿಸ್ಟರಿನ ನಕಲು ಇಟ್ಟಳು, ಪಂಚಾಯಿತಿಯ ಹಾಳೆ ಇಟ್ಟಳು, ಬಿಸ್ಕೀಟಿನ ಡಬ್ಬಿ ಇಟ್ಟಳು. ಮಕರಂದ ತನ್ನ ಸರದಿ ಬಂದಾಗ, ಆ ಮುಚ್ಚಳಿಕೆಯನ್ನು ತಾನು ಓದಿರಲಿಲ್ಲ, ಈ ಹುಡುಗಿ ಗಡಿಬಿಡಿಯಲ್ಲಿ ಸಹಿ ಮಾಡಿಸಿಕೊಂಡಳು ಎಂದ. ವಾಹೀದ ಸಾಹೇಬರನ್ನು ಕರೆಸಿದರು. ಅವರು, ಓದಿ ಸಹಿ ಮಾಡ್ರಿ, ಪಗಾರದ ಮಾತದ ಎಂದು ಅವಳು ಹೇಳಿದ್ದನ್ನು ನಾನು ಕೇಳಿದ್ದೇನೆ ಎಂದರು. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ದಿಲ್ಲಿಯ ಹೆಂಗಸು ಕನ್ನಡಕದ ಮೇಲಿಂದ ಮಕರಂದನನ್ನು ನೋಡಿ, ಮೂವತ್ತು ವರ್ಷ ಪ್ರೊಫೆಸರಾಗಿ ದುಡಿದವರು ಓದದೆ ಸಹಿ ಹಾಕುತ್ತೀರಾ ಎಂದು ಹಿಂದಿಯಲ್ಲಿ ಕೇಳಿದಳು.

ಹೊರಗಿನ ಬೆಂಚಿನಲ್ಲಿ ಶಾಲುಬಾಯಿ ಕೂತಿದ್ದಳು. ಯಾರೂ ಕರೆದಿರಲಿಲ್ಲ, ತಾನೇ ಕೂಲಿ ಬಿಟ್ಟು ಬಂದಿದ್ದಳು. ಟಿಕೇಟುಗಳ ಮಾತು ಬಂದಾಗ ಅವಳನ್ನು ಒಳಗೆ ಕರೆದರು.

“ನಾ ಓದಿದಾಕಿ ಅಲ್ಲರಿ,” ಎಂದಳು ನಿಂತೇ. “ಇವರ ನೀರು ಇವರ ಮನಿಗೆ ಮುಟ್ಟಸ್ಲಿಕ್ಕ ಬಸ್ಸಿನ ರೊಕ್ಕ ನಾ ಕೊಟ್ಟೀನಿ. ಕಳಿ ತಗದು ಕೊಟ್ಟೀನಿ. ಇವರು ಅದರ ಮ್ಯಾಲ ಶಾಲು ಹೊಚ್ಚಿಸಿಕೊಂಡ್ರು.” ಮಕರಂದನ ಕಡೆ ತಿರುಗಿ, “ಬೆಚ್ಚಗಿತ್ತೇನ್ರಿ ಸರ್?” ಎಂದಳು.

ಅವನು ತಲೆ ತಗ್ಗಿಸಿದ. ಪ್ರಣಾಲಿ ಅದನ್ನು ಕಣ್ಣು ಮಿಟುಕಿಸದೆ ನೋಡಿದಳು. ಇಷ್ಟು ವರ್ಷ ಅವಳು ಕಲ್ಪಿಸಿಕೊಂಡದ್ದು ಇದನ್ನಲ್ಲ. ಅವನು ಕೂಗಾಡುವುದನ್ನು, ಕಾಲು ಹಿಡಿಯು‌ವುದನ್ನು. ಇದು ಅದಕ್ಕಿಂತ ಚೆನ್ನಾಗಿತ್ತು.

ಎರಡು ತಿಂಗಳಿಗೆ ಆದೇಶ ಬಂತು. ಮಕರಂದನನ್ನು ಯೋಜನೆಯಿಂದ ತೆಗೆದು ಬಸವರಾಜ ಅವರಿಗೆ ವಹಿಸಿದರು. ನಿವೃತ್ತಿಯ ನಂತರದ ಕೋಣೆ, ಕಾರು ಹೋದವು. ಹನ್ನೊಂದು ತಿಂಗಳ ಪಗಾರವನ್ನು, ಲಾತೂರಿಗೆ ಹೋಗಿದ್ದ ಹಣವನ್ನು ಅವನ ಪಗಾರದಿಂದಲೇ ಹಿಡಿಯಬೇಕೆಂದು ಬರೆದಿದ್ದರು. ಸಪನಾಳ ಪಗಾರ ಒಂದು ದಿನವೂ ನಿಲ್ಲಲಿಲ್ಲ. ಪ್ರಣಾಲಿಗೆ ಎರಡು ಲಕ್ಷ ಇಪ್ಪತ್ತು ಸಾವಿರ ಖಾತೆಗೆ ಬಂದ ದಿನ ಶಾಲುಬಾಯಿ ಕೇಳಿದ ಮೊದಲ ಮಾತು: “ಟಿಕೇಟಿನ ರೊಕ್ಕ ಅದರಾಗ ಸೇರ್ಯದೇನು?” ಸೇರಿರಲಿಲ್ಲ. “ಹಂಗಾದ್ರ ಇನ್ನೊಂದು ಅರ್ಜಿ ಹಾಕು,” ಎಂದು ರೊಟ್ಟಿ ಬಡಿಯಲು ಕೂತಳು.

ಒಂದು ಮಾತ್ರ ಸಿಗಲಿಲ್ಲ. ಅಚ್ಚಾದ ವರದಿಯಲ್ಲಿ ತನ್ನ ಹೆಸರು ಸೇರಿಸಿ ಎಂದು ಪ್ರಣಾಲಿ ಆ ಪತ್ರಿಕೆಗೆ ಬರೆದಳು. ಮೂಲ ಲೇಖಕರ ಒಪ್ಪಿಗೆ ಬೇಕು ಎಂದು ಉತ್ತರ ಬಂತು. ಮಕರಂದ ಒಪ್ಪಿಗೆ ಕೊಡಲಿಲ್ಲ. ಅವನಲ್ಲಿಯೂ ಸೇಡು ಇತ್ತು. ಅವನ ಕೈಯಲ್ಲಿ ಉಳಿದದ್ದು ಅದೊಂದೇ.

ಮುಂದಿನ ವರ್ಷ ಮೇ ಮೂವತ್ತೊಂದಕ್ಕೆ ಅವನು ನಿವೃತ್ತನಾದ. ನಿವೃತ್ತಿಯಾಗುವವರು ಪ್ರತಿ ವಿಭಾಗದಿಂದಲೂ ಬಾಕಿಯಿಲ್ಲ ಎಂಬ ಕಾಗದಕ್ಕೆ ಸಹಿ ತರಬೇಕು. ಗ್ರಂಥಾಲಯ, ಉಗ್ರಾಣ, ವಸತಿ, ಎಲ್ಲ ಮುಗಿಸಿ ಕೊನೆಗೆ ಅವನು ಪ್ರೊಜೆಕ್ಟ್ ವಿಭಾಗಕ್ಕೆ ಬಂದ. ವಾಹೀದ ಸಾಹೇಬರು ಹಿಂದಿನ ವರ್ಷವೇ ನಿವೃತ್ತರಾಗಿದ್ದರು; ಪ್ರಣಾಲಿಯ ಗುತ್ತಿಗೆ ಆರಾರು ತಿಂಗಳಿಗೆ ಮುಂದುವರಿಯುತ್ತಿತ್ತು, ಹೊಸಬರು ಬರುವವರೆಗೆ ಆ ಸಹಿ ಅವಳದು. ಸಮಯ ಹನ್ನೆರಡೂವರೆ. ಅವನು ಕಾಗದವನ್ನು ಎರಡೂ ಕೈಯಿಂದ ಮೇಜಿನ ಮೇಲೆ ಇಟ್ಟ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಒಂದು ಸಹಿ ಬೇಕಾಗಿತ್ತರಿ,” ಎಂದ. ಅವಳಿಗೆ ಅವನು ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು.

“ಕೂಡ್ರಿ,” ಎಂದು ಅವಳು ಹೊರಗಿನ ಬೆಂಚು ತೋರಿಸಿದಳು.

ಬಾಕಿ ಏನೂ ಇರಲಿಲ್ಲ. ಅವಳಿಗೆ ಗೊತ್ತಿತ್ತು, ಫೈಲು ಬೆಳಿಗ್ಗೆಯೇ ನೋಡಿಟ್ಟಿದ್ದಳು. ಸಹಿಗೆ ಎರಡು ನಿಮಿಷ ಸಾಕಾಗುತ್ತಿತ್ತು. ಅವಳು ಬೇರೆ ಫೈಲು ತೆಗೆದಳು. ಒಂದು ಗಂಟೆಗೆ ಬಾಗಿಲು ಹಾಕಿಕೊಂಡು ಡಬ್ಬಿ ಬಿಚ್ಚಿದಳು: ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿಮೆಣಸಿನ ಖಾರ. ನಿಧಾನಕ್ಕೆ ಊಟ ಮಾಡಿದಳು, ಕೈ ತೊಳೆದಳು, ಕಿಟಕಿಯ ಬಳಿ ನಿಂತು ನೀರು ಕುಡಿದಳು. ಮನಸ್ಸಿನಲ್ಲಿ ಎಲ್ಲೋ ಒಂದು ಚುಚ್ಚುವ ಮುಳ್ಳು ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಎರಡೂವರೆಗೆ ಬಾಗಿಲು ತೆರೆದಾಗ ಅವನು ಅಲ್ಲೇ ಕೂತಿದ್ದ. ಮೂರೂವರೆಗೆ ನೋಡಿದಾಗ ಕಾಗದವನ್ನು ಬೆಂಚಿನ ಮೇಲೆ ಬಿಟ್ಟು ಹೋಗಿದ್ದ.

ಪ್ರಣಾಲಿ ಅದನ್ನು ಒಳಗೆ ತಂದಳು. ಸಹಿ ಹಾಕಿ ಅವನ ಮನೆಗೆ ಕಳಿಸಿದಳು, ಆದರೆ ಆ ದಿನವಲ್ಲ.